ಎಂಬತ್ತು ದಾಟಿದವರ ಕಣ್ಣು, ಹಲ್ಲುಗಳಿಗಾಗಿ ಒಂದು ವಾರ

ಭಾನುವಾರ

ಗುಡ್ಡಗಳ ನಡುವೆ ಚದುರಿಕೊಂಡಿರುವ ಕೆಲವು ಹಳ್ಳಿಗಳಿಗೆ ಹೋಗಿ, ಅಲ್ಲಿರುವ ಎಂಬತ್ತು, ತೊಂಬತ್ತು ದಾಟಿದ ಹಿರಿಯರ ಕಣ್ಣು ಮತ್ತು ಬಾಯಿಯನ್ನು ಪರೀಕ್ಷಿಸಿ, ಸಾಧ್ಯವಾದಷ್ಟು ಚಿಕಿತ್ಸೆಯನ್ನು ಅಲ್ಲಿಯೇ ಕೊಟ್ಟು ಬರುವುದು ಈ ಪ್ರವಾಸದ ಉದ್ದೇಶವಾಗಿತ್ತು. ನಾನು ದಂತವೈದ್ಯ ವೃತ್ತಿಯಲ್ಲಿರುವವನು. ತಂಡದಲ್ಲಿ ನನ್ನ ಜೊತೆಗೆ ಇನ್ನೊಬ್ಬ ದಂತವೈದ್ಯೆ, ಕಣ್ಣಿನ ವೈದ್ಯರೊಬ್ಬರು, ದೃಷ್ಟಿ ಪರೀಕ್ಷೆ ಮಾಡುವವರು, ಹಲ್ಲಿನ ಸೆಟ್ ತಯಾರಿಸುವ ತಂತ್ರಜ್ಞರು, ದಾದಿಯರು ಮತ್ತು ಕೆಲವು ವೈದ್ಯಕೀಯ ವಿದ್ಯಾರ್ಥಿಗಳು ಇದ್ದರು. ಎಲ್ಲರೂ ತಮ್ಮ ರಜೆಯನ್ನು ಹಾಕಿ ಬಂದವರು.

ಕಣ್ಣು ಮತ್ತು ಹಲ್ಲು ಎರಡನ್ನೂ ಒಂದೇ ಬಾರಿಗೆ ಏಕೆ ನೋಡಬೇಕು ಎಂದು ಹೊರಡುವ ಮೊದಲು ಹಲವರು ಕೇಳಿದ್ದರು. ಕಣ್ಣಿನ ತಂಡ ಒಂದು ತಿಂಗಳು, ಹಲ್ಲಿನ ತಂಡ ಇನ್ನೊಂದು ತಿಂಗಳು ಬಂದರೆ, ನಡೆಯಲು ಕಷ್ಟಪಡುವ ಅದೇ ಅಜ್ಜಿ ಎರಡು ಬಾರಿ ಗುಡ್ಡ ಇಳಿಯಬೇಕಾಗುತ್ತದೆ ಮತ್ತು ಅವರನ್ನು ಕರೆತರಲು ಮನೆಯವರು ಎರಡು ದಿನದ ದುಡಿಮೆಯನ್ನು ಬಿಡಬೇಕಾಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಇಳಿವಯಸ್ಸಿನಲ್ಲಿ ಇವೆರಡರ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕಣ್ಣು ಕಾಣದವರಿಗೆ ಹಲ್ಲಿನ ಮೇಲೆ ಕೂತ ಕೊಳೆಯಾಗಲಿ, ಒಸಡಿನಿಂದ ಬರುವ ರಕ್ತವಾಗಲಿ ಕಾಣುವುದಿಲ್ಲ. ಕಳಚಿಟ್ಟ ಹಲ್ಲಿನ ಸೆಟ್ಟನ್ನು ಹುಡುಕಿಕೊಳ್ಳುವುದೂ ಅವರಿಗೆ ಕಷ್ಟ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲವನ್ನೂ ಕೆಡಿಸುತ್ತದೆ, ಒಸಡನ್ನೂ ಸಡಿಲಗೊಳಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ದೃಷ್ಟಿ ಕುರಿತ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ದೃಷ್ಟಿದೋಷವಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆಯನ್ನು ತಡೆಯಬಹುದಾಗಿತ್ತು ಅಥವಾ ಇನ್ನೂ ಸರಿಪಡಿಸಬಹುದು. ಬಾಯಿಯ ಕಾಯಿಲೆಗಳು ಸುಮಾರು 350 ಕೋಟಿ ಜನರನ್ನು ಬಾಧಿಸುತ್ತಿವೆ ಎಂದು ಅದೇ ಸಂಸ್ಥೆಯ 2022ರ ವರದಿ ಹೇಳುತ್ತದೆ. ಈ ಅಂಕಿಗಳು ಎಷ್ಟು ದೊಡ್ಡವಾದರೂ, ಹಳ್ಳಿಯ ಮೂಲೆಮನೆಯಲ್ಲಿ ಗೋಡೆ ಹಿಡಿದುಕೊಂಡು ನಡೆಯುವ ಒಬ್ಬ ವೃದ್ಧರು ಆ ನೂರು ಕೋಟಿಯೊಳಗೆ ಸೇರುತ್ತಾರೋ ಇಲ್ಲವೋ ಎಂಬುದು ಯಾರಾದರೂ ಅವರ ಮನೆ ಬಾಗಿಲಿಗೆ ಹೋದಾಗ ಮಾತ್ರ ತಿಳಿಯುತ್ತದೆ.

ಸಂಜೆ ತಲುಪಿದ ಕೂಡಲೇ ಸಾಮಾನುಗಳನ್ನು ಇಳಿಸಿ ಉಪಕರಣಗಳನ್ನು ಹಬೆಯಲ್ಲಿ ಸೂಕ್ಷ್ಮಾಣುಮುಕ್ತಗೊಳಿಸುವ ಆಟೋಕ್ಲೇವ್ ಕೆಲಸ ಮಾಡುತ್ತದೆಯೇ ಎಂದು ನೋಡಿದೆವು. ಉಪಕರಣಗಳನ್ನು ಬರಿಯ ನೀರಿನಲ್ಲಿ ಕುದಿಸಿದರೆ ಕೆಲವು ಸೂಕ್ಷ್ಮಾಣುಗಳ ಬೀಜಕಗಳು ಸಾಯುವುದಿಲ್ಲ. ಚದರ ಇಂಚಿಗೆ 15 ಪೌಂಡ್ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕನಿಷ್ಠ 15 ನಿಮಿಷ ಕಾಯ್ದುಕೊಳ್ಳಬೇಕು. ಉಚಿತ ಶಿಬಿರವೆಂಬ ಕಾರಣಕ್ಕೆ ಈ ಒಂದು ವಿಷಯದಲ್ಲಿ ರಿಯಾಯಿತಿ ತೋರುವವರನ್ನು ನಾನು ಒಪ್ಪುವುದಿಲ್ಲ. ಹಣ ಕೊಡದ ರೋಗಿಗೂ ಸೋಂಕು ಅಷ್ಟೇ ಬೇಗ ತಗಲುತ್ತದೆ, ಮತ್ತು ತೊಂಬತ್ತರ ದೇಹಕ್ಕೆ ಅದನ್ನು ಎದುರಿಸುವ ಶಕ್ತಿ ಕಡಿಮೆ.

ಸೋಮವಾರ

ಶಾಲೆಯ ಉದ್ದನೆಯ ವರಾಂಡದಲ್ಲಿ ಟೇಪು ಹಿಡಿದು 6 ಮೀಟರ್ ಅಳೆದು, ಒಂದು ತುದಿಗೆ ಕುರ್ಚಿಯನ್ನೂ ಇನ್ನೊಂದು ತುದಿಗೆ ‘ಇ’ ಆಕಾರದ ಚಿಹ್ನೆಗಳ ಪಟವನ್ನೂ ಇಟ್ಟು ಕಣ್ಣಿನ ತಪಾಸಣೆ ಆರಂಭವಾಯಿತು. ಓದು ಬಾರದವರಿಗೂ ಈ ಪಟ ಹೊಂದುತ್ತದೆ. ಚಿಹ್ನೆಯ ಮೂರು ಕಡ್ಡಿಗಳು ಯಾವ ಕಡೆಗೆ ಚಾಚಿವೆ ಎಂಬುದನ್ನು ಕೈಬೆರಳಿನಿಂದ ತೋರಿಸಿದರೆ ಸಾಕು. ಕಿವಿ ಮಂದವಾದವರೇ ಹೆಚ್ಚಾಗಿದ್ದುದರಿಂದ ವಿದ್ಯಾರ್ಥಿಯೊಬ್ಬ ಪ್ರತಿಯೊಬ್ಬರ ಪಕ್ಕದಲ್ಲಿ ಕುಳಿತು, ಅವರ ಕೈಯನ್ನು ಹಿಡಿದು, ಏನು ಮಾಡಬೇಕೆಂಬುದನ್ನು ಮೊದಲು ಮಾಡಿ ತೋರಿಸುತ್ತಿದ್ದ. ಪಟದ ಅತ್ಯಂತ ದೊಡ್ಡ ಚಿಹ್ನೆಯೂ ಕಾಣದವರಿಗೆ ಹತ್ತಿರದಿಂದ ಬೆರಳುಗಳನ್ನು ಎಣಿಸಲು ಹೇಳುತ್ತಾರೆ. ಅದೂ ಆಗದಿದ್ದರೆ ಕೈ ಆಡಿಸಿದ್ದು ಕಾಣುತ್ತದೆಯೇ, ಕೊನೆಗೆ ಬೆಳಕಾದರೂ ತಿಳಿಯುತ್ತದೆಯೇ ಎಂದು ನೋಡುತ್ತಾರೆ.

ಸಣ್ಣ ರಂಧ್ರವಿರುವ ಕಪ್ಪು ಬಿಲ್ಲೆಯ ಮೂಲಕ ನೋಡಿದಾಗ ದೃಷ್ಟಿ ಉತ್ತಮಗೊಂಡರೆ ಕನ್ನಡಕದಿಂದಲೇ ಬಹಳಷ್ಟು ಸರಿಹೋಗಬಹುದು ಎಂದು ಅರ್ಥ. ಹೀಗೆ ಕನ್ನಡಕವೊಂದೇ ಬೇಕಾಗಿದ್ದವರು ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ ಇದ್ದರು. ಮಾತ್ರೆಯ ಪಟ್ಟಿಯ ಮೇಲಿನ ಬಣ್ಣ ಗುರುತಿಸಲಾಗದೆ ಬೆಳಗಿನ ಮಾತ್ರೆಯನ್ನು ರಾತ್ರಿ, ರಾತ್ರಿಯದನ್ನು ಬೆಳಿಗ್ಗೆ ನುಂಗುತ್ತಿದ್ದ ಅಜ್ಜಿಯೊಬ್ಬರಿಗೆ ಹತ್ತಿರ ನೋಡುವ ಕನ್ನಡಕ ಕೊಟ್ಟ ಮೇಲೆ ಅವರು ಅಲ್ಲಿಯೇ ಕುಳಿತು ತಮ್ಮ ಚೀಲದ ಮಾತ್ರೆಗಳನ್ನೆಲ್ಲ ಬೇರ್ಪಡಿಸಿ ಕಟ್ಟಿಕೊಂಡರು.

ಪಾಪೆಯನ್ನು ಹಿಗ್ಗಿಸುವ ಹನಿ ಹಾಕುವ ಮೊದಲು ವೈದ್ಯರು ಪ್ರತಿಯೊಬ್ಬರ ಕಣ್ಣಿಗೂ ಪಕ್ಕದಿಂದ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಮೂಗಿನ ಕಡೆಯ ಭಾಗದಲ್ಲಿ ನೆರಳು ಬಿದ್ದರೆ ಕಣ್ಣಿನ ಮುಂಭಾಗದ ಕೋಣೆ ಕಿರಿದಾಗಿದೆಯೆಂದು ಅನುಮಾನಿಸಬೇಕು. ಅಂಥವರಿಗೆ ಆ ಹನಿಯಿಂದಲೇ ಕಣ್ಣಿನ ಒತ್ತಡ ಏಕಾಏಕಿ ಏರಿ ಅಪಾಯವಾಗಬಹುದು. ಸಾಮಾನ್ಯವಾಗಿ ಈ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್ ನಡುವೆ ಇರುತ್ತದೆ. ಕಣ್ಣಿನ ನರ ಕೆಡುವ ಕಾಯಿಲೆಯಾದ ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ಹನಿ ಔಷಧವನ್ನು ಬಿಡದೆ ಹಾಕಬೇಕು ಎಂಬುದನ್ನು ಕೆಲವರಿಗೆ ಹೇಳಬೇಕಾಯಿತು. ‘ಸರಿಹೋಗುತ್ತದೆ’ ಎಂದು ಸಮಾಧಾನ ಮಾಡಿ ಕಳಿಸುವುದು ಸುಲಭ, ಆದರೆ ಹಾಗೆ ಕಳಿಸಿದರೆ ಹನಿ ಹಾಕಿಯೂ ಗುಣವಾಗಲಿಲ್ಲವೆಂದು ಅವರು ಎರಡನೆಯ ತಿಂಗಳಿಗೆ ನಿಲ್ಲಿಸಿಬಿಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಬಂದ ಅಜ್ಜನೊಬ್ಬರ ಎರಡೂ ಪಾಪೆಗಳು ಪೂರ್ತಿ ಬೆಳ್ಳಗಾಗಿದ್ದವು. ಬೆಳಕು ಕತ್ತಲೆಗಳ ವ್ಯತ್ಯಾಸದ ಹೊರತು ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಪೊರೆ ಇಷ್ಟು ಹಣ್ಣಾದಾಗ ಅದರ ಹಿಂದಿರುವ ಅಕ್ಷಿಪಟಲ ಕಾಣುವುದಿಲ್ಲವಾದ್ದರಿಂದ, ವೈದ್ಯರು ಒಂದು ಕಣ್ಣನ್ನು ಮುಚ್ಚಿ ಇನ್ನೊಂದಕ್ಕೆ ಮೇಲಿನಿಂದ, ಕೆಳಗಿನಿಂದ, ಎಡಬಲಗಳಿಂದ ಟಾರ್ಚ್ ಬಿಟ್ಟು ಬೆಳಕು ಎತ್ತ ಕಡೆಯಿಂದ ಬರುತ್ತಿದೆ ಎಂದು ಕೇಳಿದರು. ಅಜ್ಜ ಪ್ರತಿ ಸಲವೂ ತಡವಿಲ್ಲದೆ ಸರಿಯಾದ ದಿಕ್ಕಿಗೆ ಬೆರಳು ತೋರಿಸಿದರು. ಹಿಂದಿನ ಪರದೆ ಇನ್ನೂ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದು ಒಳ್ಳೆಯ ಸೂಚನೆ.

ಜೊತೆಗೆ ಬಂದಿದ್ದ ಮಗನಿಗೆ, ಅವನಿಗೂ ಅರವತ್ತು ದಾಟಿದೆ, ಶಸ್ತ್ರಕ್ರಿಯೆಯ ವಿಷಯ ಹೇಳಿದಾಗ ಅವನು ಹಿಂದೆಗೆದ. ‘ಈ ವಯಸ್ಸಿನಲ್ಲಿ ಇವರಿಗೆ ಇನ್ನೇಕೆ ಸಾರ್ ಆ ನೋವು? ಇರುವಷ್ಟು ದಿನ ಹೇಗೋ ನೋಡಿಕೊಳ್ಳುತ್ತೇವೆ’ ಎಂದ. ಅವನ ಮಾತಿನಲ್ಲಿ ನಿರ್ಲಕ್ಷ್ಯವಿರಲಿಲ್ಲ, ತಂದೆಗೆ ಏನಾದರೂ ಆದೀತೆಂಬ ಭಯವಿತ್ತು. ಕಣ್ಣಿನ ವೈದ್ಯರು ಅವನಿಗೆ ಉತ್ತರ ಕೊಡದೆ ಅಜ್ಜನ ಕಡೆಗೆ ತಿರುಗಿ, ‘ಅಜ್ಜಾ, ನಿಮಗೆ ಏನಾಗಬೇಕು ಹೇಳಿ’ ಎಂದು ಕಿವಿಯ ಹತ್ತಿರ ಗಟ್ಟಿಯಾಗಿ ಕೇಳಿದರು. ‘ರಾತ್ರಿ ಹೊತ್ತು ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿಬರಬೇಕಪ್ಪಾ, ಅಷ್ಟಾದರೆ ಸಾಕು’ ಎಂದರು ಅಜ್ಜ. ಇಳಿವಯಸ್ಸಿನ ಚಿಕಿತ್ಸೆಯ ಗುರಿಯನ್ನು ನಿರ್ಧರಿಸಬೇಕಾದುದು ಹೀಗೆಯೇ ಎಂದು ನಾನು ನಂಬಿದ್ದೇನೆ. ಪಟದ ಕೊನೆಯ ಸಾಲನ್ನು ಓದಿಸುವುದು ನಮ್ಮ ಗುರಿಯಾಗಿರಬಹುದು, ಅವರದು ಬೇರೆಯೇ ಇರುತ್ತದೆ, ಮತ್ತು ಕೇಳದೆ ಅದು ತಿಳಿಯುವುದಿಲ್ಲ.

ಮಂಗಳವಾರ

ಹಲ್ಲಿನ ಕೆಲಸಕ್ಕೆ ಬೆಳಕು ಚೆನ್ನಾಗಿ ಬರುವ ಮೂಲೆಯಲ್ಲಿ ಮಡಚುವ ಕುರ್ಚಿಗಳನ್ನು ಹಾಕಿಕೊಂಡೆವು. ಬೆನ್ನು ಬಾಗಿದವರನ್ನು ಪೂರ್ತಿ ಮಲಗಿಸಲಾಗುವುದಿಲ್ಲ. ಅವರ ಕತ್ತಿನ ಕೆಳಗೆ ಸುತ್ತಿದ ಬಟ್ಟೆಯನ್ನಿಟ್ಟು, ಅರ್ಧ ಕುಳಿತ ಸ್ಥಿತಿಯಲ್ಲಿಯೇ, ನಾವು ಬಾಗಿ ಕೆಲಸ ಮಾಡಬೇಕು.

ಹಲ್ಲು ನೋಡುವುದಕ್ಕಿಂತ ಮೊದಲು ಔಷಧಗಳ ಬಗ್ಗೆ ವಿಚಾರಿಸಿದ್ದೇ ಹೆಚ್ಚು ಹೊತ್ತು. ಬಿಪಿ 180/110 ದಾಟಿದ್ದವರ ಹಲ್ಲು ಕೀಳುವುದನ್ನು ಮುಂದೂಡಿ ಮೊದಲು ವೈದ್ಯರ ಬಳಿಗೆ ಕಳಿಸಿದೆವು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಲ್ಲು ಕೀಳಿಸುವ ಸಲುವಾಗಿ ತಾವೇ ನಿಲ್ಲಿಸಿ ಬಂದಿದ್ದವರೊಬ್ಬರಿಗೆ, ಹಾಗೆ ನಿಲ್ಲಿಸುವುದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚೆಂದೂ, ಹಲ್ಲಿನ ಗುಳಿಯಿಂದ ಬರುವ ರಕ್ತವನ್ನು ಹತ್ತಿಯ ಗಾಜ್ ಬಟ್ಟೆ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದೆಂದೂ ವಿವರಿಸಿದೆವು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಸೂಚಿಸುವ ಐಎನ್‌ಆರ್ 4ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳಬಹುದು. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಗುಂಪಿನ ಔಷಧ ಪಡೆದವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಂಥವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಕೆಲವೊಮ್ಮೆ ಮಾಯದೆ ಸತ್ತುಹೋಗುತ್ತದೆ.

ಬಂದವರಲ್ಲಿ ಹಲವರು ‘ಎಲ್ಲಾ ಕಿತ್ತುಹಾಕಿಬಿಡಿ, ಕಾಟ ತಪ್ಪಲಿ’ ಎನ್ನುತ್ತಿದ್ದರು. ಎಲ್ಲವನ್ನೂ ಕೀಳುವುದು ವೈದ್ಯರಿಗೂ ಬೇಗ ಮುಗಿಯುವ ಕೆಲಸ. ಆದರೆ ಗಟ್ಟಿಯಾಗಿ ನಿಂತಿರುವ ಒಂದೆರಡು ಕೋರೆಹಲ್ಲುಗಳಾದರೂ ಕೆಳದವಡೆಯಲ್ಲಿ ಉಳಿದಿದ್ದರೆ ಮುಂದೆ ಕಟ್ಟಿಸುವ ಸೆಟ್‌ಗೆ ಅವು ಆಧಾರವಾಗುತ್ತವೆ. ಹಲ್ಲು ಹೋದ ಮೇಲೆ ಕೆಳದವಡೆಯ ಏಣು ವರ್ಷದಿಂದ ವರ್ಷಕ್ಕೆ ಸವೆದು ಚಪ್ಪಟೆಯಾಗುತ್ತದೆ, ಆಮೇಲೆ ಯಾವ ಸೆಟ್ಟೂ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಜಪಾನಿನಲ್ಲಿ 1989ರಲ್ಲಿ ‘8020’ ಎಂಬ ಅಭಿಯಾನ ಶುರುವಾಯಿತು. ಎಂಬತ್ತನೆಯ ವಯಸ್ಸಿನಲ್ಲಿಯೂ ಇಪ್ಪತ್ತು ಸ್ವಂತ ಹಲ್ಲುಗಳಿರಬೇಕೆಂಬುದು ಅದರ ಆಶಯ. ಅಷ್ಟಿದ್ದರೆ ಬಹುತೇಕ ಎಲ್ಲವನ್ನೂ ಅಗಿಯಬಹುದು. ನಾವು ನೋಡಿದವರಲ್ಲಿ ಇಪ್ಪತ್ತು ಹಲ್ಲು ಉಳಿದವರು ವಿರಳ, ಆದ್ದರಿಂದಲೇ ಉಳಿದ ನಾಲ್ಕೈದರ ಬೆಲೆ ಹೆಚ್ಚು.

ಒಸಡು ಕೆಳಗೆ ಸರಿದು ಬೇರು ಹೊರಗೆ ಬಂದ ಹಲ್ಲುಗಳಲ್ಲಿ, ಮಾತ್ರೆಗಳಿಂದಾಗಿ ಬಾಯಿ ಒಣಗುವವರಲ್ಲಂತೂ, ಬೇರಿನ ಸುತ್ತ ಹುಳುಕು ಹತ್ತುತ್ತದೆ. ಇದಕ್ಕೆ ವಿದ್ಯುತ್ತಾಗಲಿ ಕೊರೆಯುವ ಯಂತ್ರವಾಗಲಿ ಬೇಡದ ವಿಧಾನವೊಂದಿದೆ. ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದ ಕೆರೆದು ತೆಗೆದು, ಆ ಜಾಗವನ್ನು ಗ್ಲಾಸ್ ಅಯನೋಮರ್ ಎಂಬ ಹಲ್ಲಿನ ಸಿಮೆಂಟಿನಿಂದ ತುಂಬುವುದು. 1980ರ ದಶಕದ ನಡುವಿನಲ್ಲಿ ತಾಂಜಾನಿಯದಲ್ಲಿ ಬೆಳೆದ ಈ ವಿಧಾನವನ್ನು 1994ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆ ಎತ್ತಿಹಿಡಿಯಿತು. ಯಂತ್ರದ ಸದ್ದಿಲ್ಲದ ಕಾರಣ ವೃದ್ಧರು ಗಾಬರಿಯಾಗುವುದಿಲ್ಲ. ಹೆಚ್ಚಿನವರಿಗೆ ಮರಗಟ್ಟಿಸುವ ಚುಚ್ಚುಮದ್ದೂ ಬೇಕಾಗಲಿಲ್ಲ. ಅದೂ ತಾಳಲಾರದಷ್ಟು ದುರ್ಬಲರಾದವರಿಗೆ ಹುಳುಕಿನ ಮೇಲೆ ಸಿಲ್ವರ್ ಡಯಮೈನ್ ಫ್ಲೋರೈಡ್ ದ್ರವವನ್ನು ಹಚ್ಚಿದೆವು. ಅದು ಹುಳುಕನ್ನು ತಡೆಯುತ್ತದೆ, ಆದರೆ ಆ ಜಾಗವನ್ನು ಶಾಶ್ವತವಾಗಿ ಕಪ್ಪಾಗಿಸುತ್ತದೆ. ಹಚ್ಚುವ ಮೊದಲು ಇದನ್ನು ಹೇಳಿ ಒಪ್ಪಿಗೆ ಪಡೆದೆವು. ಮುಂದಿನ ಹಲ್ಲು ಕಪ್ಪಾಗುವುದು ಬೇಡವೆಂದು ತೊಂಬತ್ತರ ಸಮೀಪದ ಅಜ್ಜಿಯೊಬ್ಬರು ಖಚಿತವಾಗಿ ಹೇಳಿದರು, ಅವರ ಆ ಹಲ್ಲಿಗೆ ಬಿಳಿ ಸಿಮೆಂಟನ್ನೇ ತುಂಬಿದೆವು. ಅಂದವಾಗಿ ಕಾಣಬೇಕೆಂಬ ಆಸೆಗೆ ವಯಸ್ಸಿನ ಮಿತಿಯನ್ನು ನಾವು ಹಾಕಬಾರದು.

ಸಂಜೆಯ ಹೊತ್ತಿಗೆ ಪೂರ್ತಿ ಸೆಟ್ ಬೇಕಾದ ಕೆಲವರ ದವಡೆಯ ಅಚ್ಚುಗಳನ್ನು ತೆಗೆದು ತಂತ್ರಜ್ಞರಿಗೆ ಒಪ್ಪಿಸಿದೆವು. ಬೇಡಿಕೆ ಹೆಚ್ಚಿತ್ತು. ಆದರೂ ಹೊಸ ಸೆಟ್ಟಿಗೆ ಹೊಂದಿಕೊಳ್ಳುವ ಶಕ್ತಿಯಿರುವವರನ್ನು, ಮನೆಯಲ್ಲಿ ಅದನ್ನು ತೊಳೆದಿಡಲು ಯಾರಾದರೂ ಇರುವವರನ್ನು ಮಾತ್ರ ಆರಿಸಿಕೊಂಡೆವು.

ಬುಧವಾರ

ಶಾಲೆಯವರೆಗೂ ಬರಲಾರದವರ ಮನೆಗಳಿಗೆ ಇಡೀ ದಿನ ಸುತ್ತಿದೆವು. ಊರಿನ ಆರೋಗ್ಯ ಕಾರ್ಯಕರ್ತೆ ದಾರಿ ತೋರಿಸುತ್ತ ಮುಂದೆ ನಡೆದರು. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಕಿವಿ ಕೇಳುವುದಿಲ್ಲ, ಯಾರು ಅಪರಿಚಿತರನ್ನು ಕಂಡರೆ ಹೆದರುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಶಿಬಿರಗಳ ವರದಿಗಳಲ್ಲಿ ಬಂದವರ ಲೆಕ್ಕವಿರುತ್ತದೆ, ಬಾರದವರ ಲೆಕ್ಕವಿರುವುದಿಲ್ಲ. ಅತ್ಯಂತ ಹೆಚ್ಚು ಅಗತ್ಯವಿರುವವರು ಆ ಎರಡನೆಯ ಗುಂಪಿನಲ್ಲಿಯೇ ಇರುತ್ತಾರೆ.

ಮೊದಲ ಮನೆಯಲ್ಲಿ ಸೊಂಟದ ಮೂಳೆ ಮುರಿದು ಬಹಳ ಕಾಲದಿಂದ ಮಲಗಿದ್ದ ಮುತ್ತಜ್ಜಿ ಇದ್ದರು. ಕೆಲವು ವಾರಗಳಿಂದ ಊಟ ಬಿಟ್ಟಿದ್ದಾರೆಂದೂ, ಕಾಲ ಹತ್ತಿರ ಬಂತೇನೋ ಎಂದೂ ಸೊಸೆ ಕಣ್ಣೊರೆಸಿಕೊಂಡರು. ನಾನು ಹಣೆಯ ದೀಪ ಹಾಕಿಕೊಂಡು ಅವರ ಬಾಯಿಯನ್ನು ಮೆಲ್ಲಗೆ ತೆರೆದು ನೋಡಿದೆ. ನಾಲಿಗೆ ಒಣಗಿ, ಮೇಲೆ ದಪ್ಪ ಪದರ ಕಟ್ಟಿತ್ತು. ಕೆಳಗೆ ಎಡಭಾಗದಲ್ಲಿ ಮುರಿದ ಹಲ್ಲಿನ ಮೊಟಕು ಬೇರೊಂದು ಚೂಪಾಗಿ ನಿಂತಿತ್ತು, ಅದಕ್ಕೆ ನೇರವಾಗಿ ತಾಗುವ ಜಾಗದಲ್ಲಿ ನಾಲಿಗೆಯ ಅಂಚಿನಲ್ಲಿ ಬೆರಳಿನ ಉಗುರಿನಷ್ಟು ದೊಡ್ಡ ಹುಣ್ಣಾಗಿತ್ತು. ನುಂಗುವಾಗಲೆಲ್ಲ ಅದು ಉಜ್ಜುತ್ತಿದ್ದಿರಬೇಕು. ಆ ವಯಸ್ಸಿನಲ್ಲಿ, ಆ ಸ್ಥಿತಿಯಲ್ಲಿ ಬೇರನ್ನು ಕೀಳುವುದಕ್ಕೆ ಹೋಗದೆ, ಅದರ ಚೂಪನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಬೆರಳಾಡಿಸಿ ನೋಡಿ, ಮೇಲೆ ಸಿಮೆಂಟಿನ ತೆಳು ಹೊದಿಕೆ ಹಾಕಿದೆ. ಕೆಲವು ನಿಮಿಷಗಳ ಕೆಲಸ. ಎರಡು ವಾರಗಳಲ್ಲಿ ಹುಣ್ಣು ಮಾಯದಿದ್ದರೆ ಅದು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ತಜ್ಞರು ನೋಡಲೇಬೇಕೆಂದು ಕಾರ್ಯಕರ್ತೆಯ ಪುಸ್ತಕದಲ್ಲಿ ತಾರೀಖು ಸಹಿತ ಬರೆಸಿದೆ.

ಆಮೇಲೆ ಸೊಸೆಗೆ ಬಾಯಿ ಶುಚಿ ಮಾಡುವುದನ್ನು ತೋರಿಸಿದೆವು. ತಲೆಯ ಕಡೆಯನ್ನು ಎತ್ತರಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೆತ್ತನೆಯ ಬ್ರಷ್ಷಿಗೆ ಕಾಳಿನಷ್ಟೇ ಪೇಸ್ಟ್ ಹಚ್ಚಿ ಉಜ್ಜಬೇಕು. ನೀರು ಹಾಕಿ ಮುಕ್ಕಳಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ತುಟಿಗೆ, ನಾಲಿಗೆಗೆ ಆಗಾಗ ತೇವ ಕೊಡುತ್ತಿರಬೇಕು. ಇದು ಬರಿಯ ನೈರ್ಮಲ್ಯದ ಮಾತಲ್ಲ. ಬಾಯಿಯ ಕೊಳೆ ಉಸಿರಿನ ದಾರಿಗೆ ಜಾರಿದರೆ ಹಾಸಿಗೆ ಹಿಡಿದವರಿಗೆ ನ್ಯುಮೋನಿಯ ಬರುತ್ತದೆ. ಜಪಾನಿನ ವೃದ್ಧಾಶ್ರಮಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕ್ರಮವಾಗಿ ಬಾಯಿ ಶುಚಿ ಮಾಡಿಸಿಕೊಂಡವರಲ್ಲಿ ನ್ಯುಮೋನಿಯ ಕಡಿಮೆಯಾದುದನ್ನು ತೋರಿಸಿತು. ಸೊಸೆ ಎಲ್ಲವನ್ನೂ ತಮ್ಮ ಕೈಯಿಂದಲೇ ಒಮ್ಮೆ ಮಾಡಿ ತೋರಿಸಿದರು. ನಾವು ಹೊರಡುವ ಹೊತ್ತಿಗೆ ಮುತ್ತಜ್ಜಿ ಚಮಚದಲ್ಲಿ ಕೊಟ್ಟದ್ದನ್ನು ಮುಖ ಹಿಂಡದೆ ನುಂಗುತ್ತಿದ್ದರು. ಅವರು ಊಟ ಬಿಟ್ಟದ್ದಕ್ಕೆ ಕಾರಣ ವಯಸ್ಸೆಂದು ಎಲ್ಲರೂ ಒಪ್ಪಿಕೊಂಡಿದ್ದರು, ಬಾಯಿ ತೆರೆದು ನೋಡಿದವರು ಯಾರೂ ಇರಲಿಲ್ಲ. ವಯಸ್ಸಾದವರ ವಿಷಯದಲ್ಲಿ ನಡೆಯುವ ಅನ್ಯಾಯಗಳಲ್ಲಿ ಹೆಚ್ಚಿನವು ಕ್ರೌರ್ಯದಿಂದ ಹುಟ್ಟುವುದಿಲ್ಲ, ಹೀಗೆ ಒಪ್ಪಿಕೊಂಡುಬಿಡುವುದರಿಂದ ಹುಟ್ಟುತ್ತವೆ ಎಂದು ನನಗೆ ಅನ್ನಿಸಿದೆ.

ಮಧ್ಯಾಹ್ನ ಹೋದ ಮನೆಯೊಂದರಲ್ಲಿ, ತೊಂಬತ್ತರ ಆಸುಪಾಸಿನ ಅಜ್ಜಿಗೆ ಅಕ್ಷಿಪಟಲದ ನಡುಭಾಗವಾದ ಮ್ಯಾಕುಲಾ ಸವೆದಿತ್ತು. ನೇರ ನೋಡಿದರೆ ಮುಖಗಳು ಕಾಣವು, ಅಂಚಿನಿಂದ ಸ್ವಲ್ಪ ಕಾಣುತ್ತದೆ. ಪರೀಕ್ಷೆ ಮುಗಿಸಿದ ಮೇಲೆ ಕಣ್ಣಿನ ವೈದ್ಯರು, ಮನೆಯವರು ಹೊರಗಿದ್ದಾಗ, ‘ಅಜ್ಜೀ, ಇಲ್ಲದ್ದೇನಾದರೂ ಕಾಣಿಸುತ್ತದೆಯೇ?’ ಎಂದು ಕೇಳಿದರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅವರ ಕೈಯನ್ನು ಹಿಡಿದುಕೊಂಡು, ‘ಮಗಾ, ಆ ಮೂಲೆಯಲ್ಲಿ ಸಣ್ಣ ಮಕ್ಕಳು ಬಂದು ಕೂರುತ್ತವೆ. ಒಳ್ಳೆಯ ಬಟ್ಟೆ ಹಾಕಿರುತ್ತವೆ. ಮಾತಾಡುವುದಿಲ್ಲ. ಹೇಳಿದರೆ ನನಗೆ ತಲೆ ಕೆಟ್ಟಿತೆನ್ನುತ್ತಾರೆ’ ಎಂದರು.

ವೈದ್ಯರಿಗೆ ಆಶ್ಚರ್ಯವಾಗಲಿಲ್ಲ. ದೃಷ್ಟಿ ಬಹಳ ಕುಂದಿದವರಲ್ಲಿ, ಬುದ್ಧಿ ಸ್ವಸ್ಥವಾಗಿಯೇ ಇದ್ದರೂ, ಕಣ್ಣಿನಿಂದ ಬರಬೇಕಾದ ಸಂಕೇತಗಳು ನಿಂತಾಗ ಮಿದುಳು ತಾನಾಗಿಯೇ ಚಿತ್ರಗಳನ್ನು ರೂಪಿಸುತ್ತದೆ. ಜಿನೀವಾದ ನಿಸರ್ಗ ವಿಜ್ಞಾನಿ ಶಾರ್ಲ್ ಬೊನೆ ಇದನ್ನು 1760ರಲ್ಲಿ ದಾಖಲಿಸಿದರು. ಹೀಗೆ ಮನುಷ್ಯರನ್ನೂ ಹಕ್ಕಿಗಳನ್ನೂ ಕಟ್ಟಡಗಳನ್ನೂ ಕಾಣುತ್ತಿದ್ದವರು ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದ್ದ ಅವರ ತಾತ ಶಾರ್ಲ್ ಲ್ಯುಲ್ಲಾಂ, ಆಗ ಆ ತಾತನಿಗೆ ಎಂಬತ್ತೊಂಬತ್ತರ ಹತ್ತಿರದ ವಯಸ್ಸು. ಈ ಸ್ಥಿತಿಗೆ ಇಂದಿಗೂ ಬೊನೆಯವರ ಹೆಸರೇ ಇದೆ. ವೈದ್ಯರು ಅಜ್ಜಿಯ ಒಪ್ಪಿಗೆ ಪಡೆದು ಮನೆಯವರನ್ನು ಒಳಗೆ ಕರೆದು, ಇದು ಹುಚ್ಚೂ ಅಲ್ಲ, ಮರೆವಿನ ಕಾಯಿಲೆಯೂ ಅಲ್ಲ, ಗಾಳಿ ಸೋಂಕಿದ್ದೂ ಅಲ್ಲವೆಂದು ಬಿಡಿಸಿ ಹೇಳಿದರು. ಚಿತ್ರಗಳು ಕಾಣಿಸಿದಾಗ ಕಣ್ಣನ್ನು ಎಡಕ್ಕೆ ಬಲಕ್ಕೆ ಕೆಲವು ಬಾರಿ ಹೊರಳಿಸುವುದು, ದೀಪ ಹಾಕುವುದು, ಎದ್ದು ಜಾಗ ಬದಲಿಸುವುದು ಕೆಲವರಿಗೆ ನೆರವಾಗುತ್ತದೆ. ಅಜ್ಜಿಯ ಸವೆದ ದೃಷ್ಟಿಗೆ ಅಂದು ನಮ್ಮಲ್ಲಿ ಯಾವ ಔಷಧವೂ ಇರಲಿಲ್ಲ. ಆದರೂ ಮೊಮ್ಮಗಳು ‘ಮೊದಲೇ ಹೇಳಬಾರದಿತ್ತಾ ಅಜ್ಜೀ’ ಎಂದು ಪಕ್ಕದಲ್ಲಿ ಕುಳಿತಾಗ ಅವರ ಮುಖದಲ್ಲಾದ ಬದಲಾವಣೆಯನ್ನು ನೋಡಿದ ನನಗೆ, ಈ ವಾರದ ಅತ್ಯುತ್ತಮ ಚಿಕಿತ್ಸೆ ಇದೇ ಎನ್ನಿಸಿತು.

ಉಳಿದ ಮನೆಗಳಲ್ಲಿ ಮೆಟ್ಟಿಲುಗಳ ಅಂಚಿಗೆ ಬಿಳಿ ಪಟ್ಟಿ ಬಳಿಯುವುದು, ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಇಡುವುದು, ನಡೆಯುವ ದಾರಿಯಲ್ಲಿ ಹಾಸು ಮಡಿಚಿಕೊಳ್ಳದಂತೆ ನೋಡಿಕೊಳ್ಳುವುದು ಮುಂತಾದವನ್ನು ಹೇಳುತ್ತ, ಕೆಲವು ಕಡೆ ನಾವೇ ಮಾಡುತ್ತ ಸಂಜೆಯಾಯಿತು.

ಗುರುವಾರ

ಪೊರೆ ತೆಗೆಸಿಕೊಳ್ಳಲು ಒಪ್ಪಿದವರನ್ನು ವ್ಯಾನಿನಲ್ಲಿ ತಪ್ಪಲಿನ ಆಸ್ಪತ್ರೆಗೆ ಕರೆದೊಯ್ದೆವು. ಹಿಂದೊಂದು ಕಾಲದಲ್ಲಿ ಶಾಲೆ, ಛತ್ರಗಳಲ್ಲಿಯೇ ಕಣ್ಣಿನ ಶಸ್ತ್ರಕ್ರಿಯೆಗಳು ನಡೆಯುತ್ತಿದ್ದವು. ಸೋಂಕಿನ ಅಪಾಯವನ್ನು ಅರಿತ ಮೇಲೆ ಹಳ್ಳಿಯಲ್ಲಿ ತಪಾಸಣೆ ಮಾತ್ರ, ಶಸ್ತ್ರಕ್ರಿಯೆ ಸುಸಜ್ಜಿತ ಕೊಠಡಿಯಲ್ಲಿ ಎಂಬ ಕ್ರಮ ಬಂದಿದೆ. ನನ್ನ ಸಹೋದ್ಯೋಗಿ ಸೆಟ್‌ಗಳ ಅಳತೆ ನೋಡಲು ಹಳ್ಳಿಯಲ್ಲಿ ಉಳಿದರು. ಬಾಯಿಯಲ್ಲಿ ಕೀವಿರುವವರ ಶಸ್ತ್ರಕ್ರಿಯೆಯನ್ನು ಅದು ಆರುವವರೆಗೆ ಮುಂದೂಡುವುದು ನಮ್ಮ ತಂಡದ ಪದ್ಧತಿಯಾದ್ದರಿಂದ, ಹೊರಟವರೆಲ್ಲರ ಬಾಯಿಯನ್ನು ಇನ್ನೊಮ್ಮೆ ನೋಡಿ ನಾನು ಜೊತೆಗೆ ಹೋದೆ.

ಆಸ್ಪತ್ರೆಯಲ್ಲಿ ಗಂಡಸರನ್ನೆಲ್ಲ ಮೂತ್ರದ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಪ್ರಾಸ್ಟೇಟ್ ಊತಕ್ಕೆ ಕೊಡುವ ಟಾಮ್ಸುಲೋಸಿನ್ ಔಷಧದಿಂದ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ ಸಡಿಲಗೊಂಡು ಶಸ್ತ್ರಕ್ರಿಯೆಯ ನಡುವೆ ತೊಡಕಾಗುತ್ತದೆಂಬುದು 2005ರಲ್ಲಿ ವರದಿಯಾದ ವಿಷಯ. ಮೊದಲೇ ತಿಳಿದಿದ್ದರೆ ವೈದ್ಯರು ಅದಕ್ಕೆ ಸಿದ್ಧರಾಗುತ್ತಾರೆ. ಬೆನ್ನು ಬಾಗಿದವರ ಮೊಣಕಾಲಿನ ಕೆಳಗೂ ತಲೆಯ ಕೆಳಗೂ ದಿಂಬುಗಳನ್ನಿಟ್ಟು, ಕೆಮ್ಮು ಬಂದರೆ ಕೈ ಒತ್ತಿ ತಿಳಿಸಬೇಕೆಂದು ಹೇಳಿ, ದಾದಿಯೊಬ್ಬರು ಕೊನೆಯವರೆಗೂ ಅವರ ಕೈ ಹಿಡಿದು ಕುಳಿತಿದ್ದರು. ಕಿವಿ ಕೇಳದವರಿಗೆ, ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದ ಮೇಲೆ, ಆ ಕೈಯೊಂದೇ ಸಂಪರ್ಕ.

ಕಣ್ಣಿನ ಬಿಳಿಭಾಗದಲ್ಲಿ ಆರೇಳು ಮಿಲಿಮೀಟರ್ ಅಗಲದ ಸುರಂಗದಂಥ ಸೀಳು ಮಾಡಿ, ಗಟ್ಟಿಯಾದ ಪೊರೆಯನ್ನು ಹೊರತೆಗೆದು, ಕೃತಕ ಮಸೂರವನ್ನು ಕೂರಿಸುತ್ತಾರೆ. ಸೀಳು ತಾನಾಗಿಯೇ ಮುಚ್ಚಿಕೊಳ್ಳುವುದರಿಂದ ಹೊಲಿಗೆ ಬೇಡ. ಮೊದಲ ಕೃತಕ ಮಸೂರವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಅಳವಡಿಸಿದರು. ಯುದ್ಧವಿಮಾನಗಳ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರುಗಳು ವಿಮಾನ ಚಾಲಕರ ಕಣ್ಣಿನಲ್ಲಿ ಉಳಿದರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಗಮನಿಸಿದ್ದೇ ಅವರಿಗೆ ದಾರಿ ತೋರಿತು. ಬಹಳ ಕಾಲ ಈ ಮಸೂರಗಳು ಬಡವರ ಕೈಗೆಟುಕುವಂತಿರಲಿಲ್ಲ. ನಿವೃತ್ತಿಯ ನಂತರ 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದ, ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಿಂದಲೇ ಶಸ್ತ್ರಕ್ರಿಯೆ ಮಾಡುತ್ತಿದ್ದ ಡಾ. ಜಿ. ವೆಂಕಟಸ್ವಾಮಿಯವರ ಬಳಗ 1992ರಲ್ಲಿ ಅರೋಲ್ಯಾಬ್ ಮೂಲಕ ಅವನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆ, ಅನೇಕ ದೇಶಗಳ ಹಳ್ಳಿಗರಿಗೆ ಅವು ಸಿಗುವಂತಾದವು. ನಾನು ಇದನ್ನೆಲ್ಲ ನೆನೆದದ್ದು, ಸೋಮವಾರದ ಅಜ್ಜನನ್ನು ಮೇಜಿನಿಂದ ಇಳಿಸುವಾಗ. ಅವರು ಒಳಗಿದ್ದದ್ದು ಕಾಲು ಗಂಟೆಗಿಂತ ಹೆಚ್ಚಿರಲಿಲ್ಲ.

ಶುಕ್ರವಾರ

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಎಲ್ಲರಿಗೂ ಒಮ್ಮೆಲೇ ಜಗತ್ತು ಬೆಳಗುತ್ತದೆಂದು ಬರೆಯುವುದು ಸರಿಯಲ್ಲ. ಗಟ್ಟಿ ಪೊರೆ ಇದ್ದವರಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಕೆಲವು ದಿನ ಊದಿಕೊಂಡಿರುತ್ತದೆ, ಆಗ ಮಂಜು ಮುಸುಕಿದಂತೆಯೇ ಕಾಣುತ್ತದೆ. ಒಬ್ಬ ಅಜ್ಜಿಗೆ ಹೀಗಾಗಿ ಬೇಸರವಾಯಿತು. ಊತ ಇಳಿಯಲು ಸಮಯ ಬೇಕೆಂದು ದಾದಿ ಬಳಿಯಲ್ಲಿ ಕುಳಿತು ವಿವರಿಸಿದರು. ಇನ್ನೊಬ್ಬರು ಗೋಡೆಗೆ ಯಾವಾಗ ನೀಲಿ ಬೆರೆಸಿದ ಸುಣ್ಣ ಬಳಿದಿರಿ ಎಂದು ಕೇಳಿದರು. ಹಳದಿಗಟ್ಟಿದ ಪೊರೆ ನೀಲಿ ಬೆಳಕನ್ನು ಬಹಳ ವರ್ಷಗಳಿಂದ ತಡೆದಿರುತ್ತದೆಯಾದ್ದರಿಂದ, ಅದನ್ನು ತೆಗೆದ ಕೂಡಲೇ ಬಿಳಿಯೂ ನೀಲಿಯಾಗಿ ಕಾಣುತ್ತದೆ. ಚಿತ್ರಕಾರ ಕ್ಲಾಡ್ ಮೊನೆ 1923ರಲ್ಲಿ, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ ಪೊರೆ ತೆಗೆಸಿಕೊಂಡಾಗ ಬಣ್ಣಗಳ ವಿಷಯದಲ್ಲಿ ಹೀಗೆಯೇ ತೊಳಲಿದ್ದರು.

ಸೋಮವಾರದ ಅಜ್ಜ ಮೂರು ಮೀಟರಿನಿಂದ ಬೆರಳುಗಳನ್ನು ಸರಿಯಾಗಿ ಎಣಿಸಿದರು. ಆಮೇಲೆ ಯಾರನ್ನೂ ಕರೆಯದೆ ಎದ್ದು, ವಾರ್ಡಿನ ಕೊನೆಯಲ್ಲಿದ್ದ ಬಚ್ಚಲಿಗೆ ಗೋಡೆಯನ್ನು ಮುಟ್ಟದೆ ಹೋಗಿಬಂದರು. ಮಗ ಹಿಂದೆಯೇ ಹೋದವನು ಬಾಗಿಲ ಹೊರಗೆ ನಿಂತಿದ್ದು, ತಂದೆ ಹೊರಬಂದ ಮೇಲೆ ಕಣ್ಣಿನ ವೈದ್ಯರ ಬಳಿ ಬಂದು ಇನ್ನೊಂದು ಕಣ್ಣಿಗೆ ಯಾವಾಗ ಕರೆತರಲಿ ಎಂದು ಕೇಳಿದ.

ಮಧ್ಯಾಹ್ನ ಹಳ್ಳಿಗೆ ಮರಳಿ ಸೆಟ್‌ಗಳನ್ನು ಹಾಕಿ ನೋಡಿದೆವು. ತಂತ್ರಜ್ಞರು ರಾತ್ರಿ ನಿದ್ದೆಗೆಟ್ಟು ಮುಗಿಸಿದ್ದರು. ಆದರೆ ಅಂದು ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಹೊಸ ಸೆಟ್ ಅಲ್ಲ. ಅಜ್ಜಿಯೊಬ್ಬರು ಬಟ್ಟೆಯಲ್ಲಿ ಸುತ್ತಿದ ಹಳೆಯ ಸೆಟ್ಟೊಂದನ್ನು ತಂದಿದ್ದರು. ಬಹಳ ಹಿಂದೆ ಎಲ್ಲೋ ಕಟ್ಟಿಸಿದ್ದು, ಹಾಕಿದರೆ ಚುಚ್ಚುತ್ತದೆಂದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟಿದ್ದರು. ಚುಚ್ಚುವ ಜಾಗಕ್ಕೆ ಬಣ್ಣದ ಪೆನ್ಸಿಲಿನಿಂದ ಗುರುತು ಮಾಡಿ ಸೆಟ್ ಹಾಕಿ ತೆಗೆದಾಗ, ಬಲಗಡೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಗುರುತು ಮೂಡಿತು. ಅಷ್ಟನ್ನು ಉಜ್ಜಿ ತೆಗೆದು, ಒಳಮೈಗೆ ಮೆತ್ತನೆಯ ಪದರ ಹಾಕಿ ಕೂರಿಸಿದೆ. ಅಜ್ಜಿ ಬಾಯಿ ಮುಚ್ಚಿ ತೆರೆದು, ಎರಡು ಬಾರಿ ಕಚ್ಚಿ ನೋಡಿ, ‘ಇಷ್ಟೇನಾ?’ ಎಂದರು. ಮಾಡಿಕೊಟ್ಟವರು ಮತ್ತೊಮ್ಮೆ ಕರೆದು ನೋಡಿದ್ದರೆ ಅಷ್ಟು ವರ್ಷ ಅವರು ಮೆತ್ತಗಿನದನ್ನೇ ತಿನ್ನಬೇಕಾಗಿರಲಿಲ್ಲ. ಸೆಟ್ ಕಟ್ಟಿಕೊಡುವುದು ಅರ್ಧ ಕೆಲಸ. ಹಾಕಿಕೊಂಡ ಮೊದಲ ವಾರಗಳಲ್ಲಿ ತಿದ್ದಿಕೊಡುವುದು ಉಳಿದರ್ಧ. ಆದ್ದರಿಂದಲೇ ನನ್ನ ಸಹೋದ್ಯೋಗಿ ಒಂದು ವಾರ ಅಲ್ಲಿಯೇ ಉಳಿದು, ಸೆಟ್ ಪಡೆದವರನ್ನು ಎರಡು ಬಾರಿಯಾದರೂ ನೋಡಿಯೇ ಬರುವುದೆಂದು ತೀರ್ಮಾನವಾಯಿತು. ರಾತ್ರಿ ಸೆಟ್ ಕಳಚಿ, ಉಜ್ಜಿ ತೊಳೆದು, ನೀರಿನಲ್ಲಿಡಬೇಕೆಂದು ಪ್ರತಿಯೊಬ್ಬರಿಗೂ ಮನೆಯವರ ಎದುರಿನಲ್ಲಿಯೇ ಹೇಳಿದೆವು.

ಶನಿವಾರ

ಹೊರಡುವ ಮೊದಲು ಆರೋಗ್ಯ ಕಾರ್ಯಕರ್ತೆಯ ಜೊತೆ ಕುಳಿತು ಪುಸ್ತಕವನ್ನು ಸರಿಪಡಿಸಿದೆವು. ಶಸ್ತ್ರಕ್ರಿಯೆಯಾದವರಿಗೆ ನಾಲ್ಕರಿಂದ ಆರು ವಾರ ಹನಿ ಹಾಕಬೇಕು. ಕೈ ನಡುಗುವವರು ತಾವೇ ಹಾಕಿಕೊಳ್ಳಲಾರರು, ಆದ್ದರಿಂದ ಪ್ರತಿ ಹೆಸರಿನ ಮುಂದೆ ಹನಿ ಹಾಕುವವರ ಹೆಸರನ್ನೂ ಬರೆದೆವು. ಒಂಟಿಯಾಗಿರುವ ಇಬ್ಬರಿಗೆ ಪಕ್ಕದ ಮನೆಯವರು ಒಪ್ಪಿಕೊಂಡರು. ಕಣ್ಣು ಕೆಂಪಾಗಿ ನೋವು ಬಂದರೆ, ಇದ್ದ ದೃಷ್ಟಿ ಇಳಿದರೆ, ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕಳಿಸಬೇಕೆಂದು ಎಲ್ಲ ಮನೆಗಳಿಗೂ ಹೇಳಲಾಗಿತ್ತು.

ಇನ್ನೊಂದು ಪಟ್ಟಿಯನ್ನೂ ಮಾಡಿದೆವು. ಶಸ್ತ್ರಕ್ರಿಯೆ ಬೇಡವೆಂದವರು, ಬಿಪಿ ಹೆಚ್ಚಿದ್ದರಿಂದ ಹಲ್ಲು ಕೀಳದೆ ಕಳಿಸಿದವರು, ಸೆಟ್ ಕೇಳಿಯೂ ಸಿಗದವರು, ನಾವು ಹೋದಾಗ ಮನೆಯಲ್ಲಿಲ್ಲದವರು. ಇವರ ಹೆಸರುಗಳ ಮುಂದೆ ಕಾರಣವನ್ನು ಬರೆದು ಒಂದು ಪ್ರತಿಯನ್ನು ಕಾರ್ಯಕರ್ತೆಗೆ ಕೊಟ್ಟು, ಇನ್ನೊಂದನ್ನು ತಂದೆವು. ಆರು ವಾರಗಳ ನಂತರ ಕನ್ನಡಕಗಳ ಅಳತೆಗೆ ಬರುವ ತಂಡ ಶಾಲೆಯಲ್ಲಿ ಮೇಜು ಹಾಕುವ ಮೊದಲು ಈ ಪಟ್ಟಿಯಲ್ಲಿರುವವರ ಮನೆಗಳಿಗೆ ಹೋಗಬೇಕೆಂದೂ, ಮೊದಲ ಭೇಟಿ ನಾಲಿಗೆಯ ಹುಣ್ಣಿದ್ದ ಮುತ್ತಜ್ಜಿಯ ಮನೆಗೇ ಆಗಬೇಕೆಂದೂ ಕಾರ್ಯಕರ್ತೆ ಹಟ ಹಿಡಿದರು, ನಾವು ಒಪ್ಪಿದೆವು.